ಸಿಟ್ಟಿನ ಇಂಗ್ಲಿಷ್

ಸದರ್ನ್ ಅವೆನ್ಯೂ, ಕೋಲ್ಕತಾ
೧೪ ಮೇ ೨೦೨೪

ಶರಣ್ಯಾ,

ಈ ವಿಳಾಸ ನನಗೆ ಕೊಟ್ಟವಳು ಸ್ಫೂರ್ತಿ. ಅವಳ ಮೇಲೆ ರೇಗಬೇಡ. ಜೋಕಾದ ಎಂಬಿಎ ಕಾಲೇಜಿನಲ್ಲಿ ನಿನ್ನ ಜೊತೆ ಓದಿದವಳು ಈಗ ಸಾಲ್ಟ್ ಲೇಕಿನ ಯಾವುದೋ ಆಫೀಸಿನಲ್ಲಿದ್ದಾಳೆ. ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಲ್ಲಿ ಸಿಕ್ಕಿದಳು. ನಾನೇನೂ ಕೇಳಲಿಲ್ಲ. ನನ್ನ ಮುಖ ನೋಡಿ ತಾನಾಗಿಯೇ ಒಂದು ಚೀಟಿಯಲ್ಲಿ ನೀನು ಪಾಠ ಮಾಡುವ ಶಾಲೆಯ ವಿಳಾಸ ಬರೆದುಕೊಟ್ಟಳು. ಫೋನ್ ನಂಬರನ್ನು ಮಾತ್ರ ನಿನ್ನನ್ನು ಕೇಳದೆ ಕೊಡುವುದಿಲ್ಲ ಎಂದಳು. ಆ ಚೀಟಿ ಒಂದು ತಿಂಗಳು ಕುಂಕುಮದ ಬಟ್ಟಲಿನ ಕೆಳಗಿತ್ತು.

ಫೆಬ್ರವರಿ ಇಪ್ಪತ್ತೊಂದರಂದು ಬೆಳಿಗ್ಗೆ ನಿನ್ನ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಮದುವೆಯೊಂದರ ಅಡುಗೆ ನಡೆದಿತ್ತು. ಸಾರಿನ ರುಚಿ ನೋಡಲು ಸೌಟು ಎತ್ತಿದವರು ಹಾಗೇ ಕುಸಿದರಂತೆ. ನಮ್ಮ ಅಡುಗೆಯ ಹೊನ್ನಪ್ಪ ಹೊತ್ತುಕೊಂಡೇ ಆಸ್ಪತ್ರೆಗೆ ಓಡಿದ. ಈಗ ಜೀವಕ್ಕೇನೂ ಭಯವಿಲ್ಲ. ಕೋಲು ಹಿಡಿದು ಹತ್ತು ಹೆಜ್ಜೆ ಹಾಕುತ್ತಾರೆ. ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿರುತ್ತದೆ. ಕೇಟರಿಂಗ್ ಅನ್ನು ಹೊನ್ನಪ್ಪ ನೋಡಿಕೊಳ್ಳುತ್ತಿದ್ದಾನೆ.

ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಅವರ ಕನ್ನಡ ಹೋಗಿಬಿಟ್ಟಿದೆ. ಮೂವತ್ತೆಂಟು ವರ್ಷ ಈ ಊರಿನಲ್ಲಿ ಆಡಿದ ಬಂಗಾಳಿಯೂ ಇಲ್ಲ, ಹಿಂದಿಯೂ ಇಲ್ಲ. ಮೊದಲ ಒಂದು ತಿಂಗಳು ಬಾಯಿಯೇ ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ "ವಾಟರ್" ಎಂದರು. ಆಗಿನಿಂದ ಬರುವುದೆಲ್ಲ ಇಂಗ್ಲಿಷೇ, ಅದೂ ಒಂದೊಂದು ಪದ. ನಾನು ನಿಧಾನವಾಗಿ ಕನ್ನಡದಲ್ಲಿ ಹೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಹಲವು ಭಾಷೆ ಬಲ್ಲವರಲ್ಲಿ ಹೀಗೂ ಆಗುವುದುಂಟು, ಒಂದು ಬೇಗ ಮರಳುತ್ತದೆ, ಉಳಿದವು ತಡ ಮಾಡುತ್ತವೆ ಎಂದು ಮಾತು ಕಲಿಸಲು ಬರುವ ಮಿಹಿರ್ ಹೇಳುತ್ತಾನೆ. ವಾರಕ್ಕೆ ಎರಡು ಸಲ ಬರುತ್ತಾನೆ, ಒಳ್ಳೆಯ ಹುಡುಗ. ಉಳಿದ ಐದು ದಿನ ನಾನೇ.

ನನ್ನ ಇಂಗ್ಲಿಷ್ ನಿನಗೆ ಗೊತ್ತು. ಹೋದ ವಾರ ಅವರು "ಇಚಿಂಗ್, ಇಚಿಂಗ್" ಎಂದು ಶುರು ಮಾಡಿದರು. ಮುಲಾಮಿನ ಜಾಹೀರಾತಿನಲ್ಲಿ ಕೇಳಿದ ಪದ, ಇದೊಂದಾದರೂ ನನಗೆ ಗೊತ್ತಿದೆಯಲ್ಲ ಎಂದು ಖುಷಿಯಾಯಿತು. ಅಂಗಿ ಬಿಚ್ಚಿ ಬೆನ್ನು ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತಿಕ್ಕಿದೆ. ಎಡಗೈಯಿಂದ ನನ್ನನ್ನು ದೂಡಿದರು. ಮರುದಿನ ಬೇವಿನ ಸೊಪ್ಪಿನ ನೀರಿನಲ್ಲಿ ಸ್ನಾನ ಮಾಡಿಸಿದೆ. ಆಗ ಅತ್ತೇಬಿಟ್ಟರು, ಮಗಾ. ನೋವಿಗಲ್ಲ, ಸಿಟ್ಟಿಗೆ. ಆಮೇಲೆ "ಫೆಡ್ ಅಪ್" ಎಂದರು. ಊಟ ಕೇಳುತ್ತಿದ್ದಾರೆಂದು ಇಡ್ಲಿ ಕಿವುಚಿ ಬಾಯಿಗಿಟ್ಟೆ. ಉಗಿದರು.

ನೀನು ಇಂಗ್ಲಿಷ್ ಪಾಠ ಮಾಡುತ್ತೀಯಂತೆ. ಈ ಎರಡರ ಅರ್ಥ ಬರೆದು ಕಳಿಸು. ಬಾ ಎಂದು ನಾನು ಕೇಳುತ್ತಿಲ್ಲ.

ಅಮ್ಮ


ಕರ್ಸಿಯಾಂಗ್
೨೯ ಮೇ ೨೦೨೪

ಅಮ್ಮಾ,

ಪತ್ರ ಸಿಕ್ಕಿತು. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ನೀನು ನನ್ನನ್ನು ಕೂರಿಸಿ ಅ ಆ ಬರೆಸುತ್ತಿದ್ದುದು ಈಗ ಉಪಯೋಗಕ್ಕೆ ಬಂತು. ಓದಲು ಒಂದು ಗಂಟೆ ಬೇಕಾಯಿತು. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದು.

ಫೆಬ್ರವರಿಯಲ್ಲಿ ಆದದ್ದನ್ನು ಮೇ ತಿಂಗಳಲ್ಲಿ ಹೇಳುತ್ತಿದ್ದೀಯ. ವಿಳಾಸ ಇರಲಿಲ್ಲ, ಒಪ್ಪಿದೆ.

ಇಚಿಂಗ್ ಎಂದರೆ ತುರಿಕೆ. ಆದರೆ ಏನನ್ನಾದರೂ ಮಾಡಲು ಜೀವ ತಹತಹಿಸುವುದಕ್ಕೂ ಅದೇ ಪದ. ಸುಮ್ಮನೆ ಕೂರಲು ಆಗದೆ ಇರುವುದು. ಅಪ್ಪಯ್ಯನಿಗೆ ಹೊರಗೆ ಹೋಗಬೇಕು ಅನಿಸಿರಬಹುದು. ಫೆಡ್ ಅಪ್ ಎಂದರೆ ಸಾಕಾಗಿ ಹೋಗಿದೆ ಎಂದು. ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಎಣ್ಣೆ ಹಚ್ಚಬೇಡ.

ಇಂಥ ಪದಗಳು ಅವರಿಗೆ ಎಲ್ಲಿಂದ ಬಂದವು? ನಾನಿದ್ದಾಗ ಅವರ ಇಂಗ್ಲಿಷ್ ಎಂದರೆ ಎಷ್ಟು ಎಲೆ, ಎಷ್ಟು ಗಂಟೆಗೆ, ಥ್ಯಾಂಕ್ಯೂ ಸರ್, ಅಷ್ಟೇ.

ನನ್ನ ನಂಬರ್ ಕೊಡಬಹುದು. ಕೊಡುತ್ತಿಲ್ಲ. ಫೋನಿನಲ್ಲಿ ಹತ್ತೇ ನಿಮಿಷದಲ್ಲಿ ನಮಗೆ ಜಗಳವಾಗುತ್ತದೆ. ಬೇರೆ ಪದ ಬಂದರೆ ಬರೆ, ಉತ್ತರ ಬರೆಯುತ್ತೇನೆ.

ಶರಣ್ಯಾ


ಕೋಲ್ಕತಾ
೨ ಜುಲೈ ೨೦೨೪

ಶರಣ್ಯಾ,

ನಿನ್ನ ಕನ್ನಡದಲ್ಲಿ ತಪ್ಪು ಹುಡುಕಿದೆ. ಎರಡೇ ಸಿಕ್ಕಿದವು.

ನಿನ್ನ ಪತ್ರ ಓದಿ ಅವರ ಎದುರು ನಿಂತು ಬಾಗಿಲು ತೋರಿಸಿ "ಹೊರಗೆ ಹೋಪನಾ?" ಎಂದೆ. "ಯೆಸ್ ಯೆಸ್ ಯೆಸ್" ಎಂದು ಮೂರು ಸಲ ಹೇಳಿದರು. ಬಾಡಿಗೆಗೆ ಒಂದು ಗಾಲಿಕುರ್ಚಿ ತರಿಸಿ, ಹೊನ್ನಪ್ಪನೂ ನಾನೂ ಸರೋವರದ ಕಡೆ ಹೊರಟೆವು. ಹೊರಡುವ ಹೊತ್ತಿಗೆ ಅವರ ಚಪ್ಪಲಿಯೊಂದು ಸಿಗಲಿಲ್ಲ, ಅರ್ಧ ಗಂಟೆ ತಡವಾಯಿತು. ರಸ್ತೆಗೆ ಬಂದ ಮೇಲೆ "ಕ್ರಾಸ್, ಕ್ರಾಸ್" ಎನ್ನತೊಡಗಿದರು. ದಾಟಬೇಕೇನೋ ಎಂದು ಬಸ್ಸುಗಳ ನಡುವೆ ಕುರ್ಚಿ ತಳ್ಳಿ ಆ ಕಡೆಗೆ ಹೋದೆವು. ಅಲ್ಲಿಯೂ "ಕ್ರಾಸ್". ವಾಪಸ್ ಈ ಕಡೆಗೆ ಬಂದೆವು. ಮತ್ತೆ ಅದೇ. ಮೂರನೆಯ ಸಲಕ್ಕೆ ಟ್ರಾಫಿಕ್ ಪೊಲೀಸಿನವನು ತಾನೇ ಬಂದು ಗಾಡಿಗಳನ್ನು ನಿಲ್ಲಿಸಿದ.

ಸರೋವರದ ಬಳಿ ರಂಗನಾಥರು ಸಿಕ್ಕರು. ಮೈಸೂರಿನವರು, ನಿವೃತ್ತರು. ದಿನಾ ಬೆಳಿಗ್ಗೆ ಅಪ್ಪಯ್ಯನ ಜೊತೆ ನಡೆಯುತ್ತಿದ್ದವರು. ಆಸ್ಪತ್ರೆಗೂ ಬಂದಿದ್ದರು. ನಮ್ಮ ಪಾಡು ಕೇಳಿ, "ಅಮ್ಮಾ, ಕ್ರಾಸ್ ಅಂದ್ರೆ ಸಿಟ್ಟು ಅಂತಲೂ ಅರ್ಥ. ಅವರು ನಿಮ್ಮ ಮೇಲೆ ಸಿಟ್ಟಾಗಿದೀನಿ ಅಂತ ಹೇಳ್ತಿದಾರೆ, ಅಷ್ಟೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಫೆಬ್ರವರಿಯಿಂದ ಈಚೆಗೆ ನಕ್ಕದ್ದು ಅದೇ ಮೊದಲು. ಅಪ್ಪಯ್ಯ ನಗಲಿಲ್ಲ.

ನೀನು ಕೇಳಿದೆಯಲ್ಲ, ಪದಗಳು ಎಲ್ಲಿಂದ ಬಂದವು ಎಂದು. ಅದನ್ನು ರಂಗನಾಥರೇ ಹೇಳಿದರು. ನೀನು ಮನೆ ಬಿಟ್ಟು ಹೋದ ವಾರವೇ ಅಪ್ಪಯ್ಯ ಅವರನ್ನು ಕೇಳಿಕೊಂಡರಂತೆ, ತನಗೆ ಇಂಗ್ಲಿಷ್ ಕಲಿಸಬೇಕೆಂದು. ನಿಮಗೆ ಬರುತ್ತಲ್ಲ ಎಂದಿದ್ದಕ್ಕೆ, "ಅದು ಗಿರಾಕಿಗಳ ಇಂಗ್ಲಿಷ್. ನನಗೆ ಸಿಟ್ಟಿನ ಇಂಗ್ಲಿಷ್ ಬೇಕ್. ಮಕ್ಕಳು ಮನೆಯಲ್ಲಿ ಆಡ್ತಾರಲ್ಲ, ಅದು" ಎಂದರಂತೆ. ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ಸರೋವರದ ಸುತ್ತ ಅದೇ ಕೆಲಸ. ಒಂದೂವರೆ ವರ್ಷ. ನಾನು ಮನೆಯಲ್ಲಿ ಕಾಫಿ ಇಟ್ಟುಕೊಂಡು ಕಾಯುತ್ತಿದ್ದೆ. ನನಗೆ ಒಂದು ದಿನವೂ ಹೇಳಲಿಲ್ಲ.

"ಮೊದಮೊದಲು ಬೈಯೋ ಮಾತೇ ಬೇಕಿತ್ತು ಅವರಿಗೆ" ಎಂದರು ರಂಗನಾಥರು. "ರೇಗ್ತಿದೆ, ಸಾಕಾಗಿದೆ, ಕಿರಿಕಿರಿ, ಇಂಥವು. ನಾನು ಹೇಳಿಕೊಡ್ತಿದ್ದೆ. ಆಮೇಲೆ ಒಂದಿನ ನಿಂತ್ಕೊಂಡುಬಿಟ್ರು. ಯಾರನ್ನಾದ್ರೂ ನೋಡ್ಬೇಕು ಅಂತ ಜೀವ ಎಳೀತದಲ್ಲ, ಅದಕ್ಕೆ ಏನೇನಿದೆ ಹೇಳಿ ಅಂದ್ರು. ಆಮೇಲಿಂದ ಬರೀ ಅದೇ."

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ನನ್ನ ವಿಷಯ ಕೇಳಿದರೆ, ಆರೋಗ್ಯವಾಗಿದ್ದೇನೆ. ಅವರು ನನ್ನನ್ನು "ಮೇಡಂ" ಎಂದು ಕರೆಯುತ್ತಾರೆ. ಬೇರೆ ಪದ ಸಿಗುವುದಿಲ್ಲವಂತೆ. "ಎಕ್ಸ್‌ಕ್ಯೂಸ್ ಮಿ, ಮೇಡಂ" ಎಂದು ಬಚ್ಚಲಿಗೆ ಹೋಗಲು ಕೈ ಚಾಚುತ್ತಾರೆ. ಹಿಂದೆ "ಇದಾ" ಎನ್ನುತ್ತಿದ್ದರು. ಹೆಸರಂತೂ ಯಾವತ್ತೂ ಹಿಡಿದು ಕರೆದವರಲ್ಲ.

ಅಮ್ಮ


ಕರ್ಸಿಯಾಂಗ್
೨೮ ಜುಲೈ ೨೦೨೪

ಅಮ್ಮಾ,

ನಿನ್ನ ಪತ್ರ ಬಂದು ಹದಿನೈದು ದಿನ ಆಯಿತು. ಮೂರು ಸಲ ಬರೆದು ಹರಿದೆ.

ಆ ದಿನ ನೀನು ಅಡುಗೆಮನೆಯಲ್ಲಿದ್ದೆ. ಕಾಲೇಜು ಬಿಟ್ಟುಬಂದೆ, ಇನ್ನು ಹೋಗುವುದಿಲ್ಲ ಎಂದು ನಾನು ಅಪ್ಪಯ್ಯನಿಗೆ ಹೇಳಿದೆ. ಅವರು ಊರಿಗೆಲ್ಲ ಹೇಳಿಕೊಂಡಿದ್ದರು, ಮಗಳು ಜೋಕಾದಲ್ಲಿ ಓದುತ್ತಿದ್ದಾಳೆ ಎಂದು. ಯಾಕೆ ಬಿಟ್ಟೆ ಎಂದು ಹತ್ತು ಸಲ ಕೇಳಿದರು. ಕನ್ನಡದಲ್ಲಿ ಹೇಳಲು ನನಗೆ ಬರಲಿಲ್ಲ. ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಮಾತ್ರ ಬರುತ್ತದೆ. ಈ ಮನೆಯಿಂದ ಹೊರಗೆ ಹೋಗಲು ಐಯಾಮ್ ಇಚಿಂಗ್ ಎಂದೆ. ಅವರು, "ನನ್ನ ಮನೆಯಲ್ಲಿ ನಿನಗೆ ಮೈ ತುರಿಸ್ತಾ? ಹಾಂಗಾರೆ ಹೋಗು" ಎಂದರು.

ನಿನ್ನ ಮೊದಲ ಪತ್ರದಲ್ಲಿ ಆ ಪದವನ್ನು ನಾಲ್ಕು ಸಲ ಓದಿದೆ. ನೀನು ಈಗ ಏನು ಯೋಚಿಸುತ್ತೀಯ ಎಂದು ನನಗೆ ಗೊತ್ತು. ಅಯ್ಯೋ, ಅವರು ತಪ್ಪು ತಿಳಿದರು, ಮಗಳು ಹೇಳಿದ್ದು ಬೇರೆ ಎಂದು. ಹಾಗಲ್ಲ ಅಮ್ಮಾ. ಅವರು ಸರಿಯಾಗಿಯೇ ತಿಳಿದರು. ನನಗೆ ಹೋಗಬೇಕು ಎಂದೂ ಇತ್ತು, ಆ ಮನೆಯಲ್ಲಿ ಒಗ್ಗರಣೆ ವಾಸನೆ, ಸದಾ ಬರುವ ಜನ, ಅವರ ದೊಡ್ಡ ದನಿ, ಯಾವುದೂ ಮೈಗೆ ಆಗುತ್ತಿರಲಿಲ್ಲ ಎಂದೂ ಇತ್ತು. ಎರಡನ್ನೂ ಸೇರಿಸಿಯೇ ಹೇಳಿದೆ.

ಇಲ್ಲಿಗೆ ಬಂದರೆ ಅದು ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿಲ್ಲ. ಭಾನುವಾರ ಹಾಸ್ಟೆಲಿನ ಹುಡುಗಿಯರು ಸಾಲಾಗಿ ಪೇಟೆಗೆ ಹೋಗುತ್ತಾರೆ. ನಾನು ಸ್ಟಾಫ್ ರೂಮಿನಲ್ಲಿ ಕೂತು ಪುಸ್ತಕ ತಿದ್ದುತ್ತೇನೆ. ಕಿಟಕಿಯಲ್ಲಿ ಮೋಡ ಬಿಟ್ಟರೆ ಏನೂ ಕಾಣುವುದಿಲ್ಲ. ಎದ್ದು ಕೂರುತ್ತೇನೆ, ಮತ್ತೆ ಏಳುತ್ತೇನೆ. ಎಲ್ಲಿಗೋ ಹೋಗಬೇಕು ಅನಿಸುತ್ತದೆ, ಎಲ್ಲಿಗೆ ಎಂದು ಗೊತ್ತಿಲ್ಲ. ಯಾರಾದರೂ ಬಂದು ಮಾತಾಡಿಸಿದರೆ ರೇಗುತ್ತದೆ. ಬರದಿದ್ದರೂ ರೇಗುತ್ತದೆ.

ಅವರು ನನ್ನ ಹೆಸರು ಹೇಳುತ್ತಾರಾ?

ಶರಣ್ಯಾ


ಕೋಲ್ಕತಾ
೧೦ ಸೆಪ್ಟೆಂಬರ್ ೨೦೨೪

ಶರಣ್ಯಾ,

ಹೇಳುವುದಿಲ್ಲ. ಯಾರ ಹೆಸರನ್ನೂ ಹೇಳುವುದಿಲ್ಲ. ಮಿಹಿರ್ ಒಂದು ದಿನ ನಮ್ಮ ಆಲ್ಬಂ ತೆರೆದು ಒಂದೊಂದೇ ಫೋಟೋ ತೋರಿಸಿದ. ನಿನ್ನದು ಬಂದಾಗ ಅವರು ತಾವೇ ಹಾಳೆ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಿಂದಕ್ಕೆ ತಿರುಗಿಸಿದರು. ನೀನು ಕೇಳಿದ್ದಕ್ಕೆ ಇದು ಉತ್ತರ.

ನಾನು ಉತ್ತರಿಸಲು ಇಷ್ಟು ತಡ ಮಾಡಿದ್ದು ಸಿಟ್ಟಿನಿಂದ. ನಿನ್ನ ಪತ್ರ ಬಂದ ದಿನದಿಂದ ಸಿಟ್ಟು. ಅವರು ನಿನ್ನ ಹೆಸರು ಹೇಳುತ್ತಾರಾ ಎಂದು ಕೇಳುತ್ತೀಯ. ಅವರು ಒಂದೂವರೆ ವರ್ಷ ನಿನಗಾಗಿ ಇಂಗ್ಲಿಷ್ ಕಲಿತರು. ನಿಮ್ಮಿಬ್ಬರಿಗೆ ಹೋಗಬೇಕು ಅನಿಸಿದರೆ ಅದಕ್ಕೆ ಪದವಿದೆ, ರೇಗಿದರೆ ಅದಕ್ಕೂ ಪದವಿದೆ. ನಾನು ನಡುವೆ ಕೂತು ಆ ಪದಗಳನ್ನು ಇಲ್ಲಿಂದ ಅಲ್ಲಿಗೆ ಅಂಚೆಗೆ ಹಾಕುತ್ತಿದ್ದೇನೆ. ನನ್ನನ್ನು ಹೆಸರು ಹಿಡಿದು, "ವಸಂತಿ, ನಿನಗೆ ಹೇಗಿದೆ" ಎಂದು ಕೇಳಲು ಯಾವ ಭಾಷೆ ಬೇಕು?

ಹೋದ ಶುಕ್ರವಾರ ಹೀಗಾಯಿತು. ಹಗಲು ನೋಡಿಕೊಳ್ಳಲು ಈಗ ಶೋಭಾ ಎಂಬ ಆಯಾ ಬರುತ್ತಾಳೆ. ಅಂಗಡಿಗೆ ಹೋಗಿ ಬರುತ್ತೇನೆಂದು ಅವಳಿಗೆ ಹೇಳಿ ಕೈಚೀಲ ಹಿಡಿದು ಹೊರಟೆ. ತರಕಾರಿಯವನ ಮುಂದೆ ಒಂದು ನಿಮಿಷ ನಿಂತೆ. ಬದನೆಕಾಯಿ ಆರಿಸಲು ಕೈ ಹೋಗಲಿಲ್ಲ. ಬಂದ ಬಸ್ಸು ಹತ್ತಿದೆ. ಮಾಜೇರ್‌ಹಾಟಿನಲ್ಲಿ ಇಳಿದೆ. ಅಲ್ಲಿಂದ ಈಗ ಜೋಕಾಗೆ ಮೆಟ್ರೋ ಇದೆ, ನೀನು ಓದುವಾಗ ಇರಲಿಲ್ಲ. ನಾನೇ ಟಿಕೆಟ್ ಕೇಳಿ ತೆಗೆದುಕೊಂಡೆ. ಬೋಗಿಯಲ್ಲಿ ಆರೇಳು ಜನ. ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಕೇಳಿಕೊಂಡು ನಿನ್ನ ಕಾಲೇಜಿನ ಗೇಟಿನವರೆಗೂ ಹೋದೆ. ನೀನು ಅಲ್ಲಿ ಇದ್ದಷ್ಟು ದಿನ ಒಮ್ಮೆಯೂ ನೋಡಿರಲಿಲ್ಲ. ಅಪ್ಪಯ್ಯನೇ ಹೋಗಿ ಬರುತ್ತಿದ್ದರು. ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆ. ಹುಡುಗಿಯರು ಬರುತ್ತಿದ್ದರು, ಹೋಗುತ್ತಿದ್ದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮಣ್ಣಿನ ಲೋಟದಲ್ಲಿ ಮೂರು ಸಲ ಚಹಾ ಕುಡಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಇನ್ನೂ ಮುಂದಕ್ಕೆ ರೈಲು ಇದ್ದಿದ್ದರೆ ಹೋಗುತ್ತಿದ್ದೆ, ಅಷ್ಟೇ ಅನಿಸಿದ್ದು.

ವಾಪಸ್ ಬಂದಾಗ ಸಂಜೆ ಐದು. ಫೋನ್ ಕೈಚೀಲದ ಅಡಿಯಲ್ಲಿತ್ತು. ಶೋಭಾ ಹನ್ನೊಂದು ಸಲ ಮಾಡಿದ್ದಾಳೆ. ನೋಡಿದರೆ ಅಪ್ಪಯ್ಯ ಕೆಳಗೆ ಗೇಟಿನ ಬಳಿ ಕಾವಲಿನವನ ಕುರ್ಚಿಯಲ್ಲಿ ಕೂತಿದ್ದಾರೆ. ಮಹಡಿಯಿಂದ ಇಳಿಸು ಎಂದು ಹಟ ಹಿಡಿದರಂತೆ. ನನ್ನನ್ನು ಕಂಡು "ವೇರ್? ವೇರ್?" ಎಂದರು. ಮುಂದೆ ಏನೋ ಹೇಳಲು ಹೋದರು, ಪದ ಬರಲಿಲ್ಲ, ಎಡಗೈಯಿಂದ ತೊಡೆಗೆ ಹೊಡೆದುಕೊಂಡರು. ನಾನು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಎದೆ ಮುಟ್ಟಿಕೊಂಡು, "ಇಚಿಂಗ್" ಎಂದೆ.

ಅವರು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಯೂ?" ಎಂದರು.

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು ಎಂದು ನನಗನಿಸಿತು. ತಪ್ಪಿರಬಹುದು. ಊಟ ಆಯಿತಾ ಎಂದೆಲ್ಲ ಕೇಳಿದ್ದಾರೆ.

ಅಮ್ಮ


ಕರ್ಸಿಯಾಂಗ್
೨೨ ಸೆಪ್ಟೆಂಬರ್ ೨೦೨೪

ಅಮ್ಮಾ,

ನಿನಗೆ ಹೇಗಿದೆ? ಇದನ್ನು ಮೊದಲೇ ಕೇಳಬೇಕಿತ್ತು.

ದುರ್ಗಾಪೂಜೆಯ ರಜೆ ಅಕ್ಟೋಬರ್ ಒಂಬತ್ತರಿಂದ. ಟಿಕೆಟ್ ಮಾಡಿದ್ದೇನೆ. ಸಪ್ತಮಿಯ ಬೆಳಿಗ್ಗೆ ಸಿಯಾಲ್ದಾದಲ್ಲಿ ಇಳಿಯುತ್ತೇನೆ. ಯಾರೂ ಕರೆಯಲು ಬರುವುದು ಬೇಡ, ಟ್ಯಾಕ್ಸಿಯಲ್ಲಿ ಬರುತ್ತೇನೆ. ಅವರಿಗೆ ಹೇಳಬೇಕೋ ಬೇಡವೋ ನಿನಗೆ ಬಿಟ್ಟದ್ದು.

ಶರಣ್ಯಾ


ಕೋಲ್ಕತಾ
೧೫ ಅಕ್ಟೋಬರ್ ೨೦೨೪

ಶರಣ್ಯಾ,

ಅವರಿಗೆ ಹೇಳಿದ್ದೆ. ಕ್ಷೌರದವನನ್ನು ಕರೆಸಿ ಗಡ್ಡ ಮಾಡಿಸಿಕೊಂಡರು. ಬಿಳಿ ಅಂಗಿ ಕೇಳಿ ಹಾಕಿಸಿಕೊಂಡರು. ಸಪ್ತಮಿಯ ಬೆಳಿಗ್ಗೆ ಎಂಟು ಗಂಟೆಗೆ ಬಾಲ್ಕನಿಯಲ್ಲಿ ಕೂತವರು ದೀಪ ಹಾಕುವವರೆಗೂ ಏಳಲಿಲ್ಲ. ಪತ್ರೊಡೆ ಮಾಡಿದ್ದೆ. ಶೋಭಾ ತನ್ನ ಮನೆಗೆ ಒಯ್ದಳು.

ಹುಷಾರಿಲ್ಲದೆ ಇದ್ದರೆ ಒಂದು ಸಾಲು ಬರೆ.

ಅಮ್ಮ


ಕರ್ಸಿಯಾಂಗ್
೨೬ ಅಕ್ಟೋಬರ್ ೨೦೨೪

ಅಮ್ಮಾ,

ಹುಷಾರಾಗಿದ್ದೇನೆ. ನಾನು ಬಂದಿದ್ದೆ.

ರಾತ್ರಿ ಇಡೀ ರೈಲಿನಲ್ಲಿ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡಿಕೊಂಡು ಬಂದೆ. ಅವರು ಹೀಗೆ ಹೇಳುತ್ತಾರೆ, ನಾನು ಹೀಗೆ ಹೇಳುತ್ತೇನೆ ಎಂದು. ಎರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ನನ್ನ ತಲೆಯಲ್ಲಿ ಅವರು ಯಾವಾಗಲೂ ಬಾಗಿಲ ತುಂಬ ನಿಂತಿರುತ್ತಾರೆ, ಮೈಯೆಲ್ಲ ಬೆವರು, ಹೆಗಲ ಮೇಲೆ ಟವೆಲು, ಹತ್ತು ಆಳುಗಳನ್ನು ಒಟ್ಟಿಗೆ ಕೂಗಿ ಕರೆಯುವ ದನಿ. ಅವರ ಜೊತೆ ಜಗಳವಾಡಲು ನನಗೂ ಶಕ್ತಿ ಬೇಕು, ಆ ಶಕ್ತಿಯನ್ನು ಕೂಡಿಸಿಕೊಂಡೇ ಸಿಯಾಲ್ದಾದಲ್ಲಿ ಇಳಿದೆ. ಟ್ಯಾಕ್ಸಿ ಸಿಕ್ಕಿತು. ಪೂಜೆಯ ಜನಸಂದಣಿಯಲ್ಲಿ ನಮ್ಮ ರಸ್ತೆಗೆ ಬರುವಾಗ ಹನ್ನೊಂದು ಗಂಟೆ.

ಕಾರು ನಮ್ಮ ಮನೆಯ ಎದುರು ನಿಂತಿತು. ಮೇಲೆ ನೋಡಿದೆ. ಬಾಲ್ಕನಿಯಲ್ಲಿ ಯಾರೋ ಒಬ್ಬರು ಕೂತಿದ್ದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಎಲ್ಲಿದೆಯೋ ತಿಳಿಯುವಂತಿರಲಿಲ್ಲ. ಮೊದಲು ನಮ್ಮ ಮನೆಯನ್ನು ಬೇರೆ ಯಾರಿಗೋ ಕೊಟ್ಟಿದ್ದೀರಿ ಎಂದುಕೊಂಡೆ. ಆಮೇಲೆ ಆ ಕೈ ನೋಡಿದೆ.

ಅವರು ಇಷ್ಟು ಚಿಕ್ಕವರಾಗಿದ್ದಾರೆ ಎಂದು ನೀನು ಬರೆದಿರಲಿಲ್ಲ ಅಮ್ಮಾ. ಮಾತು ಹೋದದ್ದು ಬರೆದೆ, ಕೈ ಹೋದದ್ದು ಬರೆದೆ. ಇದನ್ನು ಬರೆಯಲಿಲ್ಲ.

ಬಾಗಿಲು ತೆರೆಯಲು ಕೈ ಬರಲಿಲ್ಲ. ಡ್ರೈವರ್, ದಿದಿ, ಇಲ್ಲೇ ತಾನೇ ಎಂದು ಎರಡು ಸಲ ಕೇಳಿದ. ಮುಂದೆ ಹೋಗು ಎಂದೆ. ಸಿಯಾಲ್ದಾಗೆ ವಾಪಸ್ ಹೋಗಿ ಪ್ಲಾಟ್‌ಫಾರ್ಮಿನ ಮೇಲೆ ಕೂತೆ. ಸಂಜೆಯ ರೈಲಿಗೆ ಹತ್ತಿದೆ. ಟಿಕೆಟ್ ಇರಲಿಲ್ಲ, ದಂಡ ಕಟ್ಟಿದೆ.

ಏನು ಹೇಳಲಿ? ಸಿಟ್ಟು ಬಿಟ್ಟು ಬೇರೇನೂ ಹೊತ್ತು ತಂದಿರಲಿಲ್ಲ. ಅದನ್ನು ಕೊಡಲು ಅಲ್ಲಿ ಯಾರೂ ಇರಲಿಲ್ಲ. ಈಗ ನನಗೆ ನನ್ನ ಮೇಲೆಯೇ ಕಿರಿಕಿರಿ. ತರಗತಿಯಲ್ಲಿ ಹುಡುಗಿಯರ ಮೇಲೆ ಕೂಗಾಡುತ್ತಿದ್ದೇನೆ. ಮೊನ್ನೆ ಒಬ್ಬಳು ಅತ್ತಳು.

ಇದನ್ನು ಅವರಿಗೆ ಹೇಳಬೇಡ.

ಶರಣ್ಯಾ


ಕೋಲ್ಕತಾ
೧೯ ನವೆಂಬರ್ ೨೦೨೪

ಮಗಾ,

ಅವರಿಗೆ ನಾನು ಹೇಳಿಲ್ಲ. ಆದರೆ ಆ ದಿನ ಹನ್ನೊಂದೂವರೆಗೆ ನಾನು ಬಾಲ್ಕನಿಗೆ ಎಳನೀರು ತೆಗೆದುಕೊಂಡು ಹೋದಾಗ ಅವರು "ಟ್ಯಾಕ್ಸಿ" ಎಂದಿದ್ದರು. ಆಮೇಲೆ "ಗಾನ್" ಎಂದರು. ರಸ್ತೆಯಲ್ಲಿ ಹೋಗುವ ಗಾಡಿಗಳ ಲೆಕ್ಕ ಹೇಳುತ್ತಿದ್ದಾರೆ ಎಂದುಕೊಂಡು ನಾನು ಒಳಗೆ ಬಂದೆ. ನಿನ್ನ ಪತ್ರ ಓದಿದ ಮೇಲೆ ಅದು ನೆನಪಾಯಿತು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಾಗಿದ್ದೂ ಸಂಜೆಯವರೆಗೆ ಅಲ್ಲೇ ಕೂತಿದ್ದರು ಎಂದಾದರೆ, ಅದನ್ನು ಯೋಚಿಸಲು ನನಗೆ ಧೈರ್ಯವಿಲ್ಲ.

ಚಿಕ್ಕವರಾಗಿದ್ದಾರೆ ಎಂದು ಬರೆಯಲಿಲ್ಲ ಎನ್ನುತ್ತೀಯ. ದಿನಾ ನೋಡುವವಳಿಗೆ ಅದು ಕಾಣಲಿಲ್ಲ. ನೀನು ಹೇಳಿದ ಮೇಲೆ ಸ್ನಾನ ಮಾಡಿಸುವಾಗ ನೋಡಿದೆ. ಹೌದು.

ನಿನ್ನ ಮೇಲೆ ಸಿಟ್ಟಾಗಲು ಪ್ರಯತ್ನಪಟ್ಟೆ. ಎರಡು ದಿನ ಸಾಧಿಸಿದೆ. ಆಮೇಲೆ ಜೋಕಾದ ಗೇಟಿನ ಮುಂದೆ ನಾನು ಕೂತದ್ದು ನೆನಪಾಯಿತು. ನಾನಾದರೂ ಒಳಗೆ ಹೋದೆನೇ?

ಹೋದ ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಮಿಹಿರ್ ಹತ್ತಿರ ಕೇಳಿ ಕಲಿತಿದ್ದೆ. "ಐ ವಾಂಟ್ ಟು ಗೋ" ಎಂದೆ. ನನ್ನ ಬಾಯಿಂದ ಬಂದ ಮೊದಲ ಇಡೀ ವಾಕ್ಯ. ಅವರು "ವೇರ್?" ಎಂದರು. ನಿನ್ನ ಹೆಸರು ಹೇಳಿದೆ. "ಅಲೋನ್?" ಎಂದರು. "ಯೆಸ್" ಎಂದೆ.

ಅವತ್ತು ಸಂಜೆ ಊಟ ಮಾಡಲಿಲ್ಲ. ಮರುದಿನವೂ ಮುಖ ಗೋಡೆಗೆ. ಶೋಭಾ ಮಾತಾಡಿಸಿದರೆ ಕೋಲು ಎತ್ತಿದರು. ಕೇಳಿದಾಗ ಒಂದೇ ಮಾತು, "ಕ್ರಾಸ್". ಈ ಸಲ ನನಗೆ ಅರ್ಥವಾಯಿತು, ರಸ್ತೆ ದಾಟಿಸಲಿಲ್ಲ. ಮೊದಲಾದರೆ ಇಷ್ಟಕ್ಕೇ ಬೇಡ ಎಂದು ಬಿಟ್ಟುಬಿಡುತ್ತಿದ್ದೆ. ನಾನು ಮದುವೆಯಾಗಿ ಬಂದ ಮೇಲೆ ಒಬ್ಬಳೇ ಒಂದು ರಾತ್ರಿಯೂ ಎಲ್ಲಿಯೂ ಇದ್ದವಳಲ್ಲ. ಊರಿಗೆ ಹೋಗುವಾಗಲೂ ಅವರೇ ರೈಲು ಹತ್ತಿಸಿ, ಅಲ್ಲಿ ಅಣ್ಣ ಇಳಿಸಿಕೊಳ್ಳುತ್ತಿದ್ದ. ಬಿಡಲಿಲ್ಲ. ಹೊನ್ನಪ್ಪನಿಗೆ ಹೇಳಿ ಟಿಕೆಟ್ ಮಾಡಿಸಿದೆ. ಎಂಟು ದಿನ ಅವನೂ ಶೋಭಾಳೂ ಮನೆಯಲ್ಲೇ ಇರುತ್ತಾರೆ. ರಂಗನಾಥರು ಬೆಳಿಗ್ಗೆ ಬಂದು ಸರೋವರಕ್ಕೆ ಕರೆದುಕೊಂಡು ಹೋಗುತ್ತಾರೆ.

ಶಾಲೆಗೆ ಚಳಿಗಾಲದ ರಜೆ ಬರುವ ಮೊದಲೇ ಬರುತ್ತೇನೆ. ನೀನು ಪಾಠ ಮಾಡುವುದನ್ನು ಒಮ್ಮೆ ನೋಡಬೇಕು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತೇನೆ, ನಾಚಿಕೆಪಡಬೇಡ. ಇಪ್ಪತ್ತೇಳರ ಸಂಜೆ ಸಿಯಾಲ್ದಾದಿಂದ ಹೊರಡುತ್ತೇನೆ. ಬೆಳಿಗ್ಗೆ ಇಳಿದು ಜೀಪು ಹಿಡಿದು ಬರುವುದನ್ನು ಹೊನ್ನಪ್ಪ ಕಾಗದದಲ್ಲಿ ಬರೆದುಕೊಟ್ಟಿದ್ದಾನೆ. ನೀನು ಎದುರು ಬರಬೇಡ. ನಾನೇ ಬಾಗಿಲವರೆಗೂ ಬರುತ್ತೇನೆ.

ಅವರ ವಿಷಯ ನಾವು ಮಾತಾಡೋಣ, ಮಾತಾಡದಿದ್ದರೂ ಆಗುತ್ತದೆ. ನನಗೆ ನಿನ್ನ ಹತ್ತಿರ ಕೂರಬೇಕು, ಅಷ್ಟೇ.

ಇವತ್ತು ಮಂಚದ ಮೇಲೆ ಚೀಲ ಇಟ್ಟುಕೊಂಡು ಸೀರೆ ಮಡಿಸುತ್ತಿದ್ದೆ. ಅವರು ಗೋಡೆಯ ಕಡೆಯಿಂದ ಮುಖ ತಿರುಗಿಸಿ ನೋಡುತ್ತಿದ್ದರು. "ಕೋಲ್ಡ್" ಎಂದರು. ಹೊದಿಕೆ ಬೇಕೇನೋ ಎಂದು ಹೊದಿಸಲು ಹೋದೆ. ಕೈ ಸರಿಸಿ, ಕೋಲು ಹಿಡಿದು ಎದ್ದು, ತಾವೇ ಬೀರುವಿನವರೆಗೆ ಹೋದರು. ಕೋಲು ಒರಗಿಸಿ ಎಡಗೈಯಲ್ಲಿ ಕೆಳಗಿನ ಬಟ್ಟೆ ಎಳೆದಾಗ ಮೇಲಿನದೆಲ್ಲ ನೆಲಕ್ಕೆ ಬಿತ್ತು. ಅವರ ಬೂದು ಬಣ್ಣದ ಸ್ವೆಟರ್ ಕೈಯಲ್ಲಿತ್ತು. ಒಂದೇ ಕೈಯಲ್ಲಿ ಮಡಿಸಲು ನೋಡಿದರು, ಆಗಲಿಲ್ಲ. ಎದೆಗೆ ಒತ್ತಿ ಸುರುಳಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಕೋಲೂರಿ ತಂದು ನನ್ನ ಚೀಲದಲ್ಲಿ ಸೀರೆಗಳ ಮೇಲೆ ಇಟ್ಟರು. ಮತ್ತೆ ಹೋಗಿ ಮಲಗಿದರು.

ಈ ಊರಿನಲ್ಲಿ ನನಗೆ ಒಂದು ಶಾಲು ಸಾಕಾಗುತ್ತಿತ್ತು, ಸ್ವೆಟರ್ ಎಂದು ಕೊಂಡವಳೇ ಅಲ್ಲ. ಅದನ್ನೇ ಹಾಕಿಕೊಂಡು ಬರು‍ತ್ತೇನೆ. ತೋಳು ಉದ್ದವಾಗುತ್ತದೆ.

ಅಮ್ಮ